ಪಂಜೆ ಮಂಗೇಶರಾಯರು: ಆಟ, ಇಂದ್ರಿಯಾನುಭವ ಮತ್ತು ಕನ್ನಡದ ಶಿಶುಪಾಠ

1

ಆಧುನಿಕ ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಪಂಜೆ ಮಂಗೇಶರಾಯರ (1874-1937) ಹೆಸರು ಸಾಮಾನ್ಯವಾಗಿ ಎರಡು ಕಡೆ ಬರುತ್ತದೆ. ಸಣ್ಣಕಥೆಯ ಹುಟ್ಟನ್ನು ಕುರಿತ ಅಧ್ಯಾಯದಲ್ಲಿ ಅವರು ಆರಂಭಿಕರಲ್ಲೊಬ್ಬರು. ಮಕ್ಕಳ ಸಾಹಿತ್ಯವನ್ನು ಕುರಿತ, ಬಹುಮಟ್ಟಿಗೆ ಗ್ರಂಥದ ಕೊನೆಯಲ್ಲಿ ಬರುವ ಪುಟ್ಟ ಅಧ್ಯಾಯದಲ್ಲಿ ಅವರು ಮೊದಲಿಗರು. ಈ ಎರಡು ಸ್ಥಾನಗಳ ನಡುವೆ ಅವರ ಬದುಕಿನ ಬಹುಭಾಗವನ್ನು ತುಂಬಿದ್ದ ವೃತ್ತಿ ಮರೆಯಾಗಿಬಿಡುತ್ತದೆ. ಪಂಜೆಯವರು ಪಂಡಿತರಾಗಿ, ಶಾಲಾ ತನಿಖಾಧಿಕಾರಿಯಾಗಿ, ಮುಖ್ಯೋಪಾಧ್ಯಾಯರಾಗಿ ಶಾಲೆಯ ಒಳಗೆ ಬದುಕಿದವರು. ಅವರ ಹಾಡು ಮತ್ತು ಕಥೆಗಳು ಹುಟ್ಟಿದ್ದು ಪತ್ರಿಕೆಯ ಓದುಗರನ್ನು ಎದುರಿಗಿಟ್ಟುಕೊಂಡಷ್ಟೇ ಅಲ್ಲ, ನೆಲದ ಮೇಲೆ ಸಾಲಾಗಿ ಕುಳಿತ ಮಕ್ಕಳನ್ನು ಎದುರಿಗಿಟ್ಟುಕೊಂಡು. ಆದ್ದರಿಂದ ಅವರ ಶಿಶುಸಾಹಿತ್ಯವನ್ನು ಕಾವ್ಯಪ್ರಕಾರವೊಂದರ ಆರಂಭವೆಂದು ಮಾತ್ರ ಗುರುತಿಸದೆ, ಮಗು ಹೇಗೆ ಕಲಿಯುತ್ತದೆ ಎಂಬ ಪ್ರಶ್ನೆಗೆ ಕನ್ನಡದಲ್ಲಿ ದೊರೆತ ಮೊದಲ ಸಮರ್ಥ ಉತ್ತರಗಳಲ್ಲೊಂದು ಎಂದು ಓದುವುದಕ್ಕೆ ಅವಕಾಶವಿದೆ.

ಪಂಜೆಯವರ ಕರ್ಮಭೂಮಿ ಕರಾವಳಿ ಮತ್ತು ಕೊಡಗು. ಆದರೆ ಅವರ ಬದುಕಿನ ಕೊನೆಯ ಘಟ್ಟವು ನಿಜಾಮರ ಆಳ್ವಿಕೆಯ ಕನ್ನಡ ನೆಲದೊಡನೆ ಸೇರಿಕೊಂಡಿದೆ. 1934ರಲ್ಲಿ ರಾಯಚೂರಿನಲ್ಲಿ ನಡೆದ ಇಪ್ಪತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಆಗ ಗುಲ್ಬರ್ಗ ಜಿಲ್ಲೆಗೆ ಸೇರಿದ್ದ ಯಾದಗಿರಿ, ಶಹಾಪುರ, ಸುರಪುರಗಳು ರಾಯಚೂರಿನ ನೆರೆಯ ಸೀಮೆಗಳು. ಯಾದಗಿರಿಯು ಗುಲ್ಬರ್ಗ ಮತ್ತು ರಾಯಚೂರುಗಳ ನಡುವಣ ರೈಲುದಾರಿಯಲ್ಲಿದೆ. ಸುರಪುರದ ಸೀಮೆಯನ್ನು ರಾಯಚೂರು ಸೀಮೆಯಿಂದ ಕೃಷ್ಣಾ ನದಿಯೊಂದೇ ಬೇರ್ಪಡಿಸುತ್ತದೆ. ಮಕ್ಕಳಿಗಾಗಿ ಬರೆದು ಹೆಸರಾದ ಶಿಕ್ಷಕನೊಬ್ಬ ಈ ಭಾಗದ ಕನ್ನಡಿಗರ ನಡುವೆ ಅಧ್ಯಕ್ಷಪೀಠದಲ್ಲಿ ಕುಳಿತ ಸಂದರ್ಭವನ್ನು ಹಿನ್ನೆಲೆಯಾಗಿಟ್ಟುಕೊಂಡರೆ ಪಂಜೆಯವರ ಬದುಕು ಬೇರೊಂದು ಅರ್ಥವನ್ನು ಪಡೆಯುತ್ತದೆ.

2

ಪಂಜೆ ಮಂಗೇಶರಾಯರು 1874ರ ಫೆಬ್ರವರಿ 22ರಂದು ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಮನೆತನದ ಮೂಲ ಪಂಜ ಗ್ರಾಮ. ಹೆಸರಿನ ಜೊತೆಗೆ ಉಳಿದದ್ದು ಆ ಊರು. ಸಾರಸ್ವತ ಕುಟುಂಬವಾದ್ದರಿಂದ ಮನೆಯ ಮಾತು ಕೊಂಕಣಿ. ನೇತ್ರಾವತಿಯ ದಂಡೆಯ ಆ ಪೇಟೆಯ ಬೀದಿಯಲ್ಲಿ ಕೇಳಿಬರುತ್ತಿದ್ದುದು ತುಳು. ಶಾಲೆಯಲ್ಲಿ ಕಲಿಯಬೇಕಾದದ್ದು ಕನ್ನಡ. ಮುಂದಿನ ವ್ಯಾಸಂಗಕ್ಕೆ ಅನಿವಾರ್ಯವಾದದ್ದು ಇಂಗ್ಲಿಷು. ಹೀಗೆ ಒಂದೇ ಬಾಲ್ಯದೊಳಗೆ ನಾಲ್ಕು ಭಾಷೆಗಳು ನಾಲ್ಕು ಬಗೆಯ ಕೆಲಸಗಳನ್ನು ಹಂಚಿಕೊಂಡಿದ್ದವು. ಕನ್ನಡವು ಅವರಿಗೆ ತೊಟ್ಟಿಲಿನಲ್ಲಿ ಕೇಳಿದ ಮಾತಾಗಿರಲಿಲ್ಲ. ಕಿವಿಗೊಟ್ಟು, ನಾಲಗೆ ಹೊರಳಿಸಿ ಒಲಿಸಿಕೊಂಡ ಮಾತಾಗಿತ್ತು. ಮುಂದೆ ಅವರು ಪದಗಳ ನಾದಕ್ಕೆ ಕೊಟ್ಟ ಅಸಾಧಾರಣ ಗಮನಕ್ಕೆ ಈ ಹಿನ್ನೆಲೆಯೂ ಒಂದು ಕಾರಣವಾಗಿರಬೇಕು. ಹೊರಗಿನಿಂದ ಒಳಗೆ ಬಂದವನಿಗೆ ಭಾಷೆಯ ಸದ್ದು ಮೊದಲು ಕೇಳಿಸುತ್ತದೆ, ಅರ್ಥ ಆಮೇಲೆ ತಿಳಿಯುತ್ತದೆ. ಎಳೆಯ ಮಗುವಿನ ಸ್ಥಿತಿಯೂ ಇದೇ.

ಪಂಜೆಯವರು ವ್ಯಾಸಂಗವನ್ನು ಮುಂದುವರಿಸಿದ್ದು ಮಂಗಳೂರಿನಲ್ಲಿ, ಬಡತನದ ನಡುವೆ. 1896ರಲ್ಲಿ ಅವರು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ನೇಮಕಗೊಂಡರು. ಆ ಕಾಲದ ಮಂಗಳೂರು ಕನ್ನಡದ ಮುದ್ರಣ ಮತ್ತು ಶಿಕ್ಷಣಗಳ ದೊಡ್ಡ ಕೇಂದ್ರವಾಗಿತ್ತು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ ಶಾಲೆಗಳನ್ನೂ ಮುದ್ರಣಾಲಯವನ್ನೂ ಸ್ಥಾಪಿಸಿ, ಕಿಟ್ಟೆಲ್ಲರ ನಿಘಂಟನ್ನು 1894ರಲ್ಲಿ ಹೊರತಂದಿತ್ತು. 1900ರಲ್ಲಿ ಬೆನಗಲ್ ರಾಮರಾಯರ ಸಂಪಾದಕತ್ವದಲ್ಲಿ ಆರಂಭವಾದ ಸುವಾಸಿನಿ ಪತ್ರಿಕೆಯಲ್ಲಿ ಪಂಜೆಯವರ ಕಥೆಗಳು ಪ್ರಕಟವಾದವು. ನನ್ನ ಚಿಕ್ಕತಾಯಿ, ನನ್ನ ಚಿಕ್ಕತಂದೆ, ಕಮಲಪುರದ ಹೋಟ್ಲಿನಲ್ಲಿ ಮೊದಲಾದ ಕಥೆಗಳು ಮನೆಯೊಳಗಿನ ಮಾತು, ನಗೆ, ಸಣ್ಣತನಗಳನ್ನು ಕಥನದ ವಸ್ತುವಾಗಿಸಿದವು. ಹರಟೆಮಲ್ಲ ಎಂಬ ಹೆಸರಿನಲ್ಲಿ ಅವರು ಲಘು ಬರಹಗಳನ್ನೂ ಬರೆದರು. ಕವಿತೆಗಳಿಗೆ ಆಯ್ದುಕೊಂಡ ಹೆಸರು ಮಾತ್ರ ಕವಿಶಿಷ್ಯ. ಮಕ್ಕಳಿಗೆ ಗುರುವಾಗಿದ್ದವರು ಕವಿತೆಯ ಮಟ್ಟಿಗೆ ತಮ್ಮನ್ನು ಶಿಷ್ಯನೆಂದು ಕರೆದುಕೊಂಡದ್ದು ಅವರ ಮನೋಧರ್ಮವನ್ನು ಸೂಚಿಸುತ್ತದೆ.

3

ಪದವಿ ಮತ್ತು ಶಿಕ್ಷಕ ತರಬೇತಿಯ ನಂತರ ಪಂಜೆಯವರು ದಕ್ಷಿಣ ಕನ್ನಡ ಜಿಲ್ಲೆಯ ಶಾಲೆಗಳ ತನಿಖಾಧಿಕಾರಿಯಾದರು. ಈ ಹುದ್ದೆಯ ಸ್ವರೂಪವನ್ನು ತಿಳಿಯದೆ ಅವರ ಶಿಶುಸಾಹಿತ್ಯದ ಒತ್ತಡಗಳನ್ನು ತಿಳಿಯಲಾಗದು. ವಸಾಹತು ಆಡಳಿತದಲ್ಲಿ ಶಾಲಾ ತನಿಖಾಧಿಕಾರಿಯೆಂದರೆ ಮಕ್ಕಳ ಕಂಠಪಾಠವನ್ನು ಪರೀಕ್ಷಿಸಿ, ಹಾಜರಿಯನ್ನು ಎಣಿಸಿ, ಅನುದಾನವನ್ನು ಶಿಫಾರಸು ಮಾಡುವ ಅಧಿಕಾರಿ. ಅವನ ಆಗಮನವೆಂದರೆ ಉಪಾಧ್ಯಾಯರಿಗೂ ಮಕ್ಕಳಿಗೂ ಭಯ. ಪಂಜೆಯವರು ಈ ಸಂಬಂಧವನ್ನು ತಿರುವುಮುರುವು ಮಾಡಿದವರು. ತನಿಖೆಗೆ ಹೋದಲ್ಲಿ ಮಕ್ಕಳ ನಡುವೆ ಕುಳಿತು ಕಥೆ ಹೇಳುವುದು, ಹಾಡು ಕಟ್ಟಿ ಹಾಡಿಸುವುದು, ಅಭಿನಯಿಸಿ ತೋರಿಸುವುದು ಅವರ ರೂಢಿಯಾಗಿತ್ತೆಂಬುದನ್ನು ಅವರನ್ನು ಬಲ್ಲವರ ನೆನಪುಗಳು ದಾಖಲಿಸಿವೆ.

ಅಂದಿನ ಶಿಶುಪಾಠದ ಸ್ಥಿತಿಯನ್ನು ಇಲ್ಲಿ ಗಮನಿಸಬೇಕು. ಐಗಳ ಮಠದ ಪದ್ಧತಿಯಲ್ಲಿ ಮಗು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತಿತ್ತು. ಮಗ್ಗಿಯನ್ನೂ ಕಾಗುಣಿತವನ್ನೂ ಗಟ್ಟಿಯಾಗಿ ಒಪ್ಪಿಸುತ್ತಿತ್ತು. ಸ್ಪರ್ಶ ಮತ್ತು ನಾದ ಎರಡೂ ಅಲ್ಲಿದ್ದವು, ಆದರೆ ಎರಡೂ ಶಿಸ್ತಿನ ಸಾಧನಗಳಾಗಿದ್ದವು. ಹೊಸ ಮಾದರಿಯ ಶಾಲೆಯು ಮರಳನ್ನು ತೆಗೆದು ಸ್ಲೇಟು ಕೊಟ್ಟಿತು, ರಾಗವನ್ನು ಹಿಂದಿಟ್ಟು ಮುದ್ರಿತ ಪಾಠವನ್ನು ಮುಂದಿಟ್ಟಿತು. ಹೀಗಾಗಿ ಹಳೆಯದರಲ್ಲಿ ಅಷ್ಟಿಷ್ಟು ಉಳಿದಿದ್ದ ಇಂದ್ರಿಯಾನುಭವವೂ ಹೊಸದರಲ್ಲಿ ತೆಳುವಾಯಿತು. ಮಕ್ಕಳ ಪುಸ್ತಕವೆಂದರೆ ನೀತಿಬೋಧೆ ಎಂಬ ನಂಬಿಕೆ ಎರಡೂ ಕಡೆ ಗಟ್ಟಿಯಾಗಿತ್ತು.

ಇದೇ ಕಾಲದಲ್ಲಿ ಯುರೋಪಿನಲ್ಲಿ ಶಿಶುಶಿಕ್ಷಣದ ಬೇರೊಂದು ಚಿಂತನೆ ಬೆಳೆಯುತ್ತಿತ್ತು. ಜರ್ಮನಿಯಲ್ಲಿ ಫ್ರೋಬೆಲ್ 1837ರಲ್ಲಿ ಆರಂಭಿಸಿದ ಶಾಲೆ ಕಿಂಡರ್‌ಗಾರ್ಟನ್ ಎಂಬ ಹೆಸರು ಪಡೆದು ಆಟವನ್ನು ಕಲಿಕೆಯ ಕೇಂದ್ರಕ್ಕೆ ತಂದಿತ್ತು. 1907ರಲ್ಲಿ ರೋಮಿನ ಬಡವರ ಬಡಾವಣೆಯೊಂದರಲ್ಲಿ ಮಾರಿಯಾ ಮಾಂಟೆಸ್ಸೊರಿ ತೆರೆದ ಮಕ್ಕಳ ಮನೆಯು ಮುಟ್ಟಿ, ನೋಡಿ, ಕೇಳಿ, ತೂಗಿ ಕಲಿಯುವ ಸಾಧನಗಳನ್ನು ರೂಪಿಸಿತು; ಅಲ್ಲಿ ಉರುಟು ಕಾಗದದ ಅಕ್ಷರಗಳ ಮೇಲೆ ಮಕ್ಕಳು ಬೆರಳಾಡಿಸಿದರು. ಭಾರತದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಮಾಂಟೆಸ್ಸೊರಿ ಭಾರತಕ್ಕೆ ಬಂದದ್ದು 1939ರಲ್ಲಿ, ಪಂಜೆಯವರು ತೀರಿಕೊಂಡ ಎರಡು ವರ್ಷಗಳ ನಂತರ. ಪಂಜೆಯವರು ಇವರಂತೆ ಶಿಶುವಿಹಾರವನ್ನು ಸ್ಥಾಪಿಸಲಿಲ್ಲ, ಶಿಕ್ಷಣ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಮಂಡಿಸಲೂ ಇಲ್ಲ. ಅವರ ಎದುರಿಗಿದ್ದುದು ಸರ್ಕಾರದ ಸಾಮಾನ್ಯ ಪ್ರಾಥಮಿಕ ಶಾಲೆ. ಅಲ್ಲಿ ಆಟಿಕೆಗಳೂ ಇರಲಿಲ್ಲ, ಸಲಕರಣೆಗಳೂ ಇರಲಿಲ್ಲ. ಇದ್ದ ಏಕೈಕ ಸಾಮಗ್ರಿಯೆಂದರೆ ಭಾಷೆ. ಆ ಭಾಷೆಯನ್ನೇ ಅವರು ಆಟಿಕೆಯನ್ನಾಗಿಸಿದರು. ಕನ್ನಡ ಶಿಶುಶಿಕ್ಷಣಕ್ಕೆ ಪಂಜೆಯವರ ಕೊಡುಗೆಯ ವೈಶಿಷ್ಟ್ಯವಿರುವುದು ಇಲ್ಲಿ.

4

ನಾಗರಹಾವೆ ಎಂಬ ಪ್ರಸಿದ್ಧ ಪದ್ಯವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಹಾವಿನ ಬಗ್ಗೆ ಹೇಳುವ ಪದ್ಯ ಇದಲ್ಲ; ಹಾವಿನೊಡನೆ ಮಾತಾಡುವ ಪದ್ಯ. ಪ್ರತಿ ನುಡಿಯ ಕೊನೆಗೆ ಒಂದೇ ಅಕ್ಷರದ ಪದವೊಂದು ಮರುಕಳಿಸುತ್ತದೆ. ಮೊದಲು ಕರೆಯುವುದು, ಆಮೇಲೆ ಮೆಚ್ಚುವುದು, ಆಮೇಲೆ ಬೇಡುವುದು, ಕೊನೆಗೆ ಹೊರಗೆ ಕಳಿಸುವುದು ಹೀಗೆ ಒಂದು ಪುಟ್ಟ ನಾಟಕ ನಡೆಯುತ್ತದೆ. ಹೆಡೆಯ ಹಳದಿ ಬಣ್ಣ ಕಣ್ಣಿಗೆ, ಕೊಳಲಿನ ರಾಗ ಕಿವಿಗೆ, ಮೈಯ ತಣ್ಪು ಚರ್ಮಕ್ಕೆ ಎಂಬಂತೆ ಇಂದ್ರಿಯಗಳು ಒಂದೊಂದಾಗಿ ಎಚ್ಚರಗೊಳ್ಳುತ್ತವೆ. ಭಯವೆಂಬ ಭಾವವನ್ನು ಮಗು ಆಟದ ಮೂಲಕ ಹತ್ತಿರಕ್ಕೆ ತಂದು, ತಾನೇ ದೂರಕ್ಕೆ ಕಳಿಸುತ್ತದೆ. ನೀತಿಯ ಮಾತಿಲ್ಲದೆ ಮಗು ಇಲ್ಲಿ ಏನನ್ನೋ ಕಲಿತಿರುತ್ತದೆ.

ತೆಂಕಣ ಗಾಳಿಯಾಟದಲ್ಲಿ ಶ್ರವಣವೇ ಪ್ರಧಾನ. ದೂರದಿಂದ ಬರುವ ಸದ್ದೊಂದನ್ನು ಕೇಳಿಸಿ, ಅದು ಏನಾಗಿರಬಹುದೆಂದು ಊಹಿಸಲು ಪದ್ಯವು ಮಗುವನ್ನು ಪ್ರೇರೇಪಿಸುತ್ತದೆ. ಕಾಣದ ಗಾಳಿಯು ಊಹೆಯಲ್ಲಿ ಹಾವಾಗಿ, ಭೂತವಾಗಿ ರೂಪ ಪಡೆಯುತ್ತದೆ. ಗಾಳಿಯ ವೇಗವು ಹೆಚ್ಚಿದಂತೆ ಛಂದಸ್ಸಿನ ಗತಿಯೂ ಬಿರುಸಾಗುತ್ತದೆ. ಶಾಲೆಯ ಪರಿಭಾಷೆಯಲ್ಲಿ ಇಂದು ಕಲ್ಪನಾತ್ಮಕ ಆಟ ಎಂದು ಕರೆಯಲಾಗುವ ಚಟುವಟಿಕೆ ಈ ಪದ್ಯದ ರಚನೆಯೊಳಗೇ ಇದೆ; ಉಪಾಧ್ಯಾಯ ಅದನ್ನು ಹೊರಗಿನಿಂದ ಸೇರಿಸಬೇಕಾಗಿಲ್ಲ.

ಕಥೆಗಳಲ್ಲೂ ಇದೇ ತತ್ವ ಕೆಲಸ ಮಾಡಿದೆ. ಹೇನು ಸತ್ತು ಕಾಗೆ ಬಡವಾಯಿತು, ಸಿಗಡಿ ಯಾಕೆ ಒಣಗಲಿಲ್ಲ ಎಂಬಂತಹವು ಜನಪದರ ಸರಪಳಿ ಕಥೆಗಳ ಜಾಡಿನಲ್ಲಿವೆ. ಒಂದು ಕೊಂಡಿ ಇನ್ನೊಂದನ್ನು ಎಳೆಯುತ್ತದೆ. ಕೇಳುವ ಮಗು ಎರಡನೆಯ ಸುತ್ತಿಗೆ ಹೇಳುವ ಮಗುವಾಗುತ್ತದೆ. ಮೂರು ಕರಡಿಗಳು ಇಂಗ್ಲಿಷಿನ ಮೂಲಕ ಬಂದ ಕಥೆ. ದೊಡ್ಡದು, ನಡುವಣದು, ಚಿಕ್ಕದು ಎಂಬ ಕ್ರಮವನ್ನು ಮತ್ತೆ ಮತ್ತೆ ಅನುಭವಕ್ಕೆ ತರುವುದರಿಂದಲೇ ಅದು ಎಳೆಯರಿಗೆ ಒಗ್ಗುತ್ತದೆ. ಮಾಂಟೆಸ್ಸೊರಿಯ ಮರದ ದಿಮ್ಮಿಗಳು ಮಾಡುವ ಕೆಲಸವನ್ನು ಇಲ್ಲಿ ಕಥೆಯೇ ಮಾಡುತ್ತದೆ. ಬ್ರೌನಿಂಗನ ಕಿನ್ನರಿಗಾರನ ಕಥೆ ಇಲಿಗಳ ತಕಥೈ ಆದಾಗ ಶೀರ್ಷಿಕೆಯೇ ಹೆಜ್ಜೆಯ ತಾಳವಾಯಿತು. ಗುಡುಗುಡು ಗುಮ್ಮಟ ದೇವರು ಎಂಬ ಹೆಸರನ್ನು ಉಚ್ಚರಿಸುವುದೇ ಮಗುವಿನ ಬಾಯಿಗೆ ಒಂದು ಆಟ.

ಅನುಕರಣ ಶಬ್ದಗಳ ಈ ಬಳಕೆಯನ್ನು ಸರಳ ವಿನೋದವೆಂದು ತಳ್ಳಿಹಾಕುವಂತಿಲ್ಲ. ಪಂಜೆಯವರು ಹಳಗನ್ನಡ ವ್ಯಾಕರಣದಲ್ಲಿ ಆಳವಾದ ವಿದ್ವತ್ತುಳ್ಳವರು. ಕಿಟ್ಟೆಲ್ಲರು ಸಂಪಾದಿಸಿದ್ದ ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿ 1920ರಲ್ಲಿ ಹೊರತರುವ ಕಾರ್ಯವನ್ನು ನಿರ್ವಹಿಸಿದವರು ಅವರೇ. ಅನುಕರಣ ಶಬ್ದಗಳನ್ನು ವ್ಯಾಕರಣದ ವಿಷಯವಾಗಿ ಪರಿಗಣಿಸಿದ ಪರಂಪರೆಯನ್ನು ಬಲ್ಲವರೊಬ್ಬರು ಅವೇ ಶಬ್ದಗಳನ್ನು ಮಕ್ಕಳ ನಾಲಗೆಗೆ ಮರಳಿಸಿದರೆಂಬುದು ಗಮನಾರ್ಹ. ವ್ಯಾಕರಣವನ್ನು ಬಲ್ಲವರಾದ್ದರಿಂದಲೇ ಅದನ್ನು ಎಳೆಯರ ಮೇಲೆ ಹೇರಬಾರದೆಂಬ ವಿವೇಕವೂ ಅವರಿಗಿತ್ತು.

5

1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವು ಸ್ಥಾಪನೆಯಾದದ್ದು ಪಂಜೆಯವರ ಪ್ರಯತ್ನದಿಂದ. ಮಕ್ಕಳ ಸಾಹಿತ್ಯಕ್ಕೆಂದೇ ಒಂದು ಸಂಸ್ಥೆ ಬೇಕೆಂಬ ಆಲೋಚನೆಯೇ ಆ ಕಾಲಕ್ಕೆ ಹೊಸದು. ಬಾಸೆಲ್ ಮಿಷನ್ ಮುದ್ರಣಾಲಯಕ್ಕಾಗಿ ಅವರು ಸಂಪಾದಿಸಿದ ಕನ್ನಡ ಪದ್ಯಪುಸ್ತಕಗಳು ಶಾಲೆಗಳಲ್ಲಿ ಬಳಕೆಯಾದವು. 1920ರ ದಶಕದಲ್ಲಿ ಅವರು ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದಾಗ ರಚಿಸಿದ ಹುತ್ತರಿ ಹಾಡನ್ನು ಕೊಡವರು ತಮ್ಮ ನಾಡಿನ ಹಾಡೆಂದೇ ಸ್ವೀಕರಿಸಿದರು. ಕೊಂಕಣಿ ಮನೆಮಾತಿನ, ತುಳುನಾಡಿನ ಕವಿಯೊಬ್ಬ ಕನ್ನಡದಲ್ಲಿ ಬರೆದ ಹಾಡು ಕೊಡಗಿನದಾಗುವ ಈ ಪ್ರಸಂಗ ಪಂಜೆಯವರ ವಿಧಾನವನ್ನು ಬಿಡಿಸಿ ತೋರಿಸುತ್ತದೆ. ಹೋದ ಊರಿನ ಬೆಟ್ಟ, ಬೆಳೆ, ಹಬ್ಬಗಳನ್ನು ಕಣ್ಣಾರೆ ಕಂಡು ಅಲ್ಲಿಂದಲೇ ಹಾಡನ್ನು ಎತ್ತಿಕೊಳ್ಳುವುದು ಅವರ ರೀತಿ. ತುಳು ಪಾಡ್ದನದ ಅವಳಿ ವೀರರ ಕಥೆಯನ್ನು ಕೋಟಿ ಚೆನ್ನಯ ಎಂಬ ಗದ್ಯಕೃತಿಯಾಗಿಸಿದಾಗಲೂ ಅವರು ಸ್ಥಳೀಯ ಸ್ಮೃತಿಯನ್ನು ಕನ್ನಡ ಓದಿನ ಒಳಗೆ ತಂದರು.

1934ರಲ್ಲಿ ಅಂಥವರು ರಾಯಚೂರಿಗೆ ಬಂದರು. ಹೈದರಾಬಾದ್ ಸಂಸ್ಥಾನದ ಕನ್ನಡ ಪ್ರದೇಶದಲ್ಲಿ ಅದಕ್ಕೆ ಮೊದಲು ಸಮ್ಮೇಳನ ನಡೆದದ್ದು 1928ರಲ್ಲಿ, ಗುಲ್ಬರ್ಗದಲ್ಲಿ, ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ. ಸಂಸ್ಥಾನದ ಆಡಳಿತ ಭಾಷೆ ಉರ್ದು. ಉನ್ನತ ಶಿಕ್ಷಣದ ಮಾಧ್ಯಮವೂ ಉರ್ದು. ಅಲ್ಲಿನ ಕನ್ನಡ ಮಗುವಿಗೆ ಶಾಲೆಯ ಮೆಟ್ಟಿಲುಗಳನ್ನು ಹತ್ತಿದಷ್ಟೂ ಮನೆಯ ಮಾತು ದೂರವಾಗುತ್ತಿತ್ತು. ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಗಳಲ್ಲಿ ಶಾಲೆಯನ್ನು ಕಾಣುವ ಭಾಗ್ಯವೇ ವಿರಳ. ಈ ಸನ್ನಿವೇಶದಲ್ಲಿ ಮಕ್ಕಳ ಕವಿಯನ್ನು ಅಧ್ಯಕ್ಷಸ್ಥಾನದಲ್ಲಿ ಕೂರಿಸಿದ್ದು, ಉದ್ದೇಶಪೂರ್ವಕವಾಗಿರಲಿ ಅಲ್ಲದಿರಲಿ, ಅರ್ಥವತ್ತಾದ ಸಂಗತಿ. ಭಾಷೆಯ ಉಳಿವು ವಿದ್ವಾಂಸರ ಗ್ರಂಥದಲ್ಲಿ ಮಾತ್ರ ಇಲ್ಲ, ಎಳೆಯರ ಬಾಯಲ್ಲಿ ಇದೆ ಎಂಬುದಕ್ಕೆ ಪಂಜೆಯವರ ಬದುಕೇ ಸಾಕ್ಷಿಯಾಗಿತ್ತು.

ಆದರೆ ಆ ನೆಲ ಬರಿದಾಗಿರಲಿಲ್ಲ. ಶಾಲೆ ಇಲ್ಲದಿದ್ದಲ್ಲಿಯೂ ಮಕ್ಕಳ ಆಟ ಇತ್ತು. ಈ ಭಾಗದ ಎರೆಮಣ್ಣಿನ ಊರುಗಳಲ್ಲಿ ಜ್ಯೇಷ್ಠದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯೆಂದರೆ ಮಕ್ಕಳು ಕೈಯಲ್ಲಿ ಮಣ್ಣು ಮಿದ್ದು ಎತ್ತುಗಳನ್ನು ಮಾಡುವ ಹಬ್ಬ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಆಡುತ್ತಾರೆ. ನಾಗರಪಂಚಮಿಗೆ ಮರದ ಕೊಂಬೆಗೆ ಜೋಕಾಲಿ ಬೀಳುತ್ತದೆ. ಮಳೆ ಕೈಕೊಟ್ಟಾಗ ಗುರ್ಚಿಯನ್ನು ಹೊತ್ತು ಮನೆಮನೆಗೆ ಹೋಗಿ ನೀರು ಹಾಕಿಸಿಕೊಳ್ಳುವ ಮಕ್ಕಳಿಗೆ ಮಳೆ ಎಂಬುದು ಮೈಮೇಲೆ ಸುರಿಯುವ ಅನುಭವವಾಗುತ್ತದೆ. ಮೊಹರಮ್ಮಿನ ಅಲಾಯಿ ಕುಣಿತದ ಹೆಜ್ಜೆಯನ್ನು ಎಲ್ಲ ಜಾತಿಮತಗಳ ಹುಡುಗರು ಕಲಿಯುತ್ತಾರೆ. ಮುಟ್ಟುವುದು, ಮಿದಿಯುವುದು, ತೂಗುವುದು, ನಟಿಸುವುದು ಇವೆಲ್ಲವೂ ಇಲ್ಲಿ ಆಚರಣೆಯ ರೂಪದಲ್ಲಿ ಜೀವಂತವಾಗಿದ್ದವು. ಜನಪದದ ಸರಪಳಿ ಕಥೆಯನ್ನು ಶಾಲೆಯ ಪುಸ್ತಕಕ್ಕೆ ತಂದ ಪಂಜೆಯವರ ವಿಧಾನವನ್ನು ಈ ನೆಲಕ್ಕೆ ಅನ್ವಯಿಸುವವರು ಬೇಕಾಗಿದ್ದರು. ಸಮ್ಮೇಳನ ಮುಗಿದ ಮೂರು ವರ್ಷಗಳಿಗೆ, 1937ರ ಅಕ್ಟೋಬರಿನಲ್ಲಿ, ಪಂಜೆಯವರು ಆ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿನಲ್ಲಿಯೇ ಕೊನೆಯುಸಿರೆಳೆದರು.

6

ಪಂಜೆಯವರ ನಂತರ ಅವರ ದಾರಿಯನ್ನು ಅನೇಕರು ಮುಂದುವರಿಸಿದರು. ಮಕ್ಕಳಿಗಾಗಿ ಬಾಲಪ್ರಪಂಚವನ್ನು ರಚಿಸಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ ಮತ್ತು ಕಲೆಗಳನ್ನು ಶಿಕ್ಷಣದ ಪ್ರಯೋಗವಾಗಿಸಿದರು. 1956ರ ಏಕೀಕರಣದ ನಂತರ ಪಂಜೆಯವರ ಪದ್ಯಗಳು ಕರಾವಳಿಯಿಂದ ಬೀದರಿನವರೆಗೆ ಒಂದೇ ಪಠ್ಯಕ್ರಮದ ಭಾಗವಾಗಬಲ್ಲವಾದವು. ಜನ್ಮಶತಮಾನೋತ್ಸವದ ಹೊತ್ತಿಗೆ ಓರಿಯಂಟ್ ಲಾಂಗ್‌ಮನ್ ಸಂಸ್ಥೆಯು ಅವರ ಕೃತಿಗಳನ್ನು ಸಂಪುಟಗಳಾಗಿ ಪ್ರಕಟಿಸಿತು. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ, ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಿಂದ ಮೊದಲ್ಗೊಂಡು ಅಂಗನವಾಡಿಗಳು ಹರಡಿದವು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಪದ್ಧತಿಯೂ, ಅಂಗನವಾಡಿಗಳ ಚಿಲಿಪಿಲಿ ಪಠ್ಯಕ್ರಮವೂ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬುನಾದಿ ಹಂತದ ಪರಿಕಲ್ಪನೆಯೂ ಆಟ ಮತ್ತು ಇಂದ್ರಿಯಾನುಭವಗಳನ್ನು ಅಧಿಕೃತವಾಗಿ ಒಪ್ಪಿಕೊಂಡವು. ಪಂಜೆಯವರು ವೈಯಕ್ತಿಕ ರೂಢಿಯಾಗಿ ಮಾಡುತ್ತಿದ್ದುದು ಕಾಲಾಂತರದಲ್ಲಿ ನೀತಿಯಾಯಿತು.

ನೀತಿಯಾದದ್ದು ಅನುಭವವಾಯಿತೇ ಎಂಬುದು ಮಾತ್ರ ಬೇರೆ ಪ್ರಶ್ನೆ. ಶಿಶುಗೀತೆಯು ತರಗತಿಯಲ್ಲಿ ನಿಗದಿತ ಅಂಗಸಂಜ್ಞೆಗಳೊಡನೆ ಒಪ್ಪಿಸುವ ಪಾಠವಾದಾಗ ಹಳೆಯ ಮಗ್ಗಿಯ ಜಾಗದಲ್ಲಿ ಹೊಸ ಮಗ್ಗಿ ಬಂದಂತಾಗುತ್ತದೆ. ಹಾವನ್ನು ಕರೆಯುವ ಕೈಯೂ ಕಳಿಸುವ ಕೈಯೂ ಎಲ್ಲ ಮಕ್ಕಳದೂ ಒಂದೇ ಬಗೆಯಾಗಿ ಚಲಿಸಿದರೆ ಅಲ್ಲಿ ಊಹೆಗೆ ಎಡೆಯಿಲ್ಲ. ಪಂಜೆಯವರ ಪದ್ಯ ಅಪೇಕ್ಷಿಸುವುದು ಮಗು ತನ್ನದೇ ಹಾವನ್ನು ಕಲ್ಪಿಸಿಕೊಳ್ಳುವುದನ್ನು.

ಪಂಜೆಯವರ ಮಿತಿಗಳನ್ನೂ ಇಲ್ಲಿಯೇ ಗುರುತಿಸಬೇಕು. ಅವರ ಪ್ರಕೃತಿ ಕರಾವಳಿಯದು. ತೆಂಕಣ ಗಾಳಿ, ಸಿಗಡಿ, ಕಡಲು ಇವು ಸುರಪುರದ ಮಗುವಿಗೆ ಇಂದ್ರಿಯಗೋಚರವಲ್ಲ. ಅಲ್ಲಿನ ಮಗುವಿನ ಗಾಳಿ ಬೇಸಿಗೆಯ ಝಳ, ಅದರ ಪಾದಕ್ಕೆ ತಿಳಿದಿರುವುದು ಬಿರುಕುಬಿಟ್ಟ ಎರೆ ಮತ್ತು ಕಾದ ಬಂಡೆ. ಒಂದು ಸೀಮೆಯ ಇಂದ್ರಿಯಾನುಭವದಿಂದ ಹುಟ್ಟಿದ ಪದ್ಯ ಇನ್ನೊಂದು ಸೀಮೆಯಲ್ಲಿ ಕೇವಲ ಶಬ್ದವಾಗಿಬಿಡುವ ಅಪಾಯವಿದೆ. ಅಲ್ಲದೆ ಬಾಲ್ಯವನ್ನು ಎಲ್ಲರಿಗೂ ಸಮಾನವಾಗಿ ದೊರೆತ ಬಿಡುವಿನ ಕಾಲವೆಂದು ಭಾವಿಸುವ ಪ್ರವೃತ್ತಿ ನವೋದಯದ ಶಿಶುಸಾಹಿತ್ಯದಲ್ಲಿ ಒಟ್ಟಾರೆಯಾಗಿ ಕಾಣುತ್ತದೆ. ಪಂಜೆಯವರದೇ ಆದ ಡೊಂಬರ ಚೆನ್ನೆ ಈ ಭಾವನೆಯನ್ನು ಒಳಗಿನಿಂದಲೇ ಕದಡುವ ರಚನೆ. ಡೊಂಬರಾಟವು ನೋಡುವ ಮಕ್ಕಳಿಗೆ ಆಟ, ಆಡುವ ಹುಡುಗಿಗೆ ಹೊಟ್ಟೆಪಾಡು. ಯಾದಗಿರಿ ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಹೊಲಕ್ಕೂ, ಬರಗಾಲಕ್ಕೆ ತಂದೆತಾಯಿಗಳ ಹಿಂದೆ ದೂರದ ನಗರಗಳ ಕಟ್ಟಡದ ಕೆಲಸಕ್ಕೂ ಹೋಗುವ ಮಕ್ಕಳ ವಿಷಯದಲ್ಲಿ ಈ ಭೇದ ಇನ್ನೂ ತೀಕ್ಷ್ಣವಾಗುತ್ತದೆ. ಮಣ್ಣು, ನೀರು, ಮರಳು ಅವರ ಕೈಗೆ ಅಪರಿಚಿತವಲ್ಲ. ಅವುಗಳೊಡನೆ ಆಡುವ ಬಿಡುವು ಅಪರಿಚಿತ.

2011ರ ಜನಗಣತಿಯ ಪ್ರಕಾರ ಪಂಜೆಯವರ ಜಿಲ್ಲೆಯಾದ ದಕ್ಷಿಣ ಕನ್ನಡದ ಸಾಕ್ಷರತೆ ಶೇಕಡ 88ಕ್ಕೂ ಹೆಚ್ಚು. ಯಾದಗಿರಿ ಜಿಲ್ಲೆಯದು ಸುಮಾರು ಶೇಕಡ 52, ರಾಜ್ಯದಲ್ಲಿಯೇ ಅತ್ಯಂತ ಕಡಿಮೆ. ಈ ಅಂತರಕ್ಕೆ ಆಡಳಿತ, ಭೂಮಿ, ಬಡತನಗಳ ದೀರ್ಘ ಚರಿತ್ರೆಯೇ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಅದರ ಜೊತೆಗೆ ಮಗುವಿನ ಮಾತು ಮತ್ತು ಶಾಲೆಯ ಮಾತುಗಳ ನಡುವಣ ಅಂತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1934ರಲ್ಲಿ ಆ ಅಂತರ ಕನ್ನಡ ಮತ್ತು ಉರ್ದುಗಳ ನಡುವೆ ಇತ್ತು. ಕನ್ನಡವೇ ಶಾಲೆಯ ಭಾಷೆಯಾದ ಮೇಲೆ ತಾಂಡಾದ ಲಂಬಾಣಿ ಮಗುವಿಗೂ, ಉರ್ದು ಅಥವಾ ತೆಲುಗು ಮನೆಮಾತಿನ ಮಗುವಿಗೂ ಕನ್ನಡವೇ ಹೊರಗಿನ ಭಾಷೆಯಾಗಿ ನಿಂತಿತು. ಪುಸ್ತಕದ ಕನ್ನಡವಾದರೋ ಈ ಸೀಮೆಯ ಕನ್ನಡ ಮಗುವಿಗೂ ಅಷ್ಟೇನೂ ಹತ್ತಿರವಲ್ಲ. ಇಲ್ಲಿ ಪಂಜೆಯವರ ಬಾಲ್ಯ ಮತ್ತೊಮ್ಮೆ ನೆನಪಾಗಬೇಕು. ಕೊಂಕಣಿ ಮನೆಯಿಂದ, ತುಳು ಬೀದಿಯ ಮೂಲಕ ಕನ್ನಡ ಶಾಲೆಗೆ ನಡೆದುಹೋದ ಹುಡುಗ ಈ ಮಕ್ಕಳ ಪೂರ್ವಸೂರಿ. ಅವನು ದೊಡ್ಡವನಾದಾಗ ಭಾಷೆಯನ್ನು ಅರ್ಥದಿಂದಲ್ಲ, ನಾದ ಮತ್ತು ಆಟಗಳಿಂದ ಆರಂಭಿಸಿದ್ದು ಆಕಸ್ಮಿಕವಲ್ಲ. ನಾದಕ್ಕೆ ಮನೆಮಾತಿನ ಗಡಿಯಿಲ್ಲ.

ಒಟ್ಟಾರೆಯಾಗಿ ನೋಡಿದಾಗ ಪಂಜೆಯವರು ಬಿಟ್ಟುಹೋದದ್ದು ಪದ್ಯಗಳನ್ನಷ್ಟೇ ಅಲ್ಲ, ಒಂದು ವಿಧಾನವನ್ನೂ ಎಂಬುದು ಸ್ಪಷ್ಟವಾಗುತ್ತದೆ. ಇರುವ ಊರಿನ ಗಾಳಿ, ಮಣ್ಣು, ಹಬ್ಬ, ಕಥೆಗಳಿಗೆ ಕಿವಿಗೊಟ್ಟು, ಅವುಗಳನ್ನು ಮಗುವಿನ ನಾಲಗೆ ಆಡಬಲ್ಲ ಮಾತಾಗಿಸುವುದು ಆ ವಿಧಾನ. ಪದ್ಯಗಳನ್ನು ಪಠ್ಯಪುಸ್ತಕಗಳು ಉಳಿಸಿಕೊಂಡವು. ವಿಧಾನವನ್ನು ಉಳಿಸಿಕೊಳ್ಳಬೇಕಾದವರು ಶಿಕ್ಷಕರು ಮತ್ತು ಸಂಶೋಧಕರು. ಸುರಪುರ, ಶಹಾಪುರ, ಯಾದಗಿರಿಗಳ ಜೋಗುಳ, ಆಟದ ಹಾಡು, ಗುಳ್ಳವ್ವನ ಪದ, ಗುರ್ಚಿಯ ಪದ, ತಾಂಡಾದ ಹಾಡುಗಳನ್ನು ಜಾನಪದ ಸಂಗ್ರಹಗಳ ಕಪಾಟಿನಿಂದ ಅಂಗನವಾಡಿಯ ಅಂಗಳಕ್ಕೆ ಇಳಿಸುವ ಕೆಲಸವು ಕನ್ನಡ ಅಧ್ಯಯನದ ಹೊರಗಿನದಲ್ಲ. ಶಬ್ದಮಣಿದರ್ಪಣವನ್ನು ಪರಿಷ್ಕರಿಸಿದ ಕೈಯೇ ಹಾವಿನ ಹಾಡನ್ನೂ ಬರೆದಿತ್ತು. ಆ ಎರಡು ಕೆಲಸಗಳನ್ನು ಪಂಜೆಯವರು ಮೇಲುಕೀಳೆಂದು ಬೇರ್ಪಡಿಸಲಿಲ್ಲ. ಬೇರ್ಪಡಿಸಿದ್ದು ಅವರ ನಂತರದ ಸಾಹಿತ್ಯ ಚರಿತ್ರೆ.